ಕೆಂಪು ಕಾರಿಗೆ ಬೇರೆ ಎಂಜಿನ್

ಗೊಳಸಂಗಿಯ ಬಸಂತರಾಯ ಗೌಡರ ಶೆಡ್ಡಿನಲ್ಲಿ ಸೀಮೆಎಣ್ಣೆ ಇತ್ತು, ಸೀಮೆಸುಣ್ಣ ಇರಲಿಲ್ಲ. ಎಂಜಿನ್ನಿನ ಕಬ್ಬಿಣ ಬಿರಿದಿದೆಯೋ ಇಲ್ಲವೋ ನೋಡಲು ಎರಡೂ ಬೇಕು. ಸೀಮೆಎಣ್ಣೆ ಸವರಿ ಅರ್ಧ ತಾಸು ಬಿಟ್ಟು, ಒಣ ಅರಿವೆಯಿಂದ ಒರೆಸಿ, ಮೇಲೆ ಸುಣ್ಣದ ಪುಡಿ ತಿಕ್ಕಿದರೆ ಬಿರುಕಿನಲ್ಲಿ ಅಡಗಿದ ಎಣ್ಣೆ ಹೊರಬಂದು ಬಿಳಿಯ ಮೇಲೆ ಗೆರೆ ಮೂಡಿಸುತ್ತದೆ. ಮೆಕ್ಯಾನಿಕ್ ಅನೀಲಕುಮಾರ ಸುತ್ತ ಹುಡುಕುತ್ತಿದ್ದಾಗ ಗೌಡರು ಒಳಗೆ ಹೋಗಿ ದೇವರ ಜಗಲಿಯ ಮೇಲಿನ ವಿಭೂತಿಗಟ್ಟಿಯನ್ನೇ ತಂದುಕೊಟ್ಟರು.

"ಇದೂ ಬೆಳ್ಳಗ ಐತಿ. ತಿಕ್ಕು."

ಅನೀಲ ತಿಕ್ಕಿದ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ ಬ್ಲಾಕಿನ ಎಡಮಗ್ಗುಲಲ್ಲಿ, ಒಂದು ಗೇಣಿನಷ್ಟು ಉದ್ದಕ್ಕೆ, ಕೂದಲೆಳೆಯಂಥ ಕಪ್ಪು ಗೆರೆ ಕಂಡಿತು.

"ಬ್ಲಾಕ್ ಬಿರದೈತ್ರಿ ಗೌಡ್ರ," ಎಂದ.

ಗೌಡರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ವಿಭೂತಿ ಸುಳ್ಳ ಹೇಳಂಗಿಲ್ಲ," ಎಂದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದರು. "ಕಂಡ್ಯೇನವಾ? ನಮ್ಮಪ್ಪ ಹೊಡದ, ನಮ್ಮಣ್ಣ ಹೊಡದ, ನಾ ಹೊಡದೆ. ಅರವತ್ತ ವರ್ಷ ನಡದದ್ದು ನಿನ್ನ ಕೈಯಾಗ ಒಂದ ತಾಸ ಬಾಳಲಿಲ್ಲ."

ದಾನೇಶ್ವರಿಗೆ ಮೂವತ್ತನಾಲ್ಕು. ಬಸವನ ಬಾಗೇವಾಡಿಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಎಪ್ರಿಲ್‌ನ ಒಂದು ಮಧ್ಯಾಹ್ನ ಆ ಕಾರನ್ನು ಹೈವೇಗೆ ಒಯ್ದಿದ್ದಳು. ಇಂಗ್ಲೆಂಡಿನಲ್ಲಿ ಮಾಡಿದ, ಎರಡೇ ಸೀಟಿನ, ತಲೆ ಮೇಲೆ ತಗಡಿಲ್ಲದ ಕೆಂಪು ಸ್ಪೋರ್ಟ್ಸ್ ಕಾರು ಅದು; ಗೌಡರ ತಂದೆ ಮುಂಬೈಯ ಒಬ್ಬ ಪಾರ್ಸಿಯಿಂದ ಕೊಂಡು ತಂದದ್ದು. ನಾಲ್ಕು ಲೇನಿನ ರಸ್ತೆಯಲ್ಲಿ ಎಂಬತ್ತರ ಮೇಲೆ ಓಡಿಸಿದಾಗ ಎಂಜಿನ್ ಕುದ್ದು, ಬಾನೆಟ್ಟಿನಿಂದ ಹಬೆ ಎದ್ದು, ಕಾರು ನಿಂತುಹೋಗಿತ್ತು.

"ಬಿಸಿ ತೋರ್ಸೂ ಕಾಟಾ ಮ್ಯಾಲೇರೂದು ಕಂಡಿತ್ತಪ್ಪಾ," ಎಂದಳು ದಾನೇಶ್ವರಿ. "ಎಲ್ಲೂ ನೆರಳಿರಲಿಲ್ಲ. ಢಾಬಾತನಾ ಮುಟ್ಟೀತಂತ ಹೊಡದೆ. ನಂದ ತಪ್ಪ."

ಅನೀಲ ಆಗಲೇ ಒಂದು ಮಾತು ಹೇಳಬೇಕಿತ್ತು. ಗೆರೆ ಕಂಡರೆ ಅರ್ಧ ಪರೀಕ್ಷೆ ಆದಂತೆ ಅಷ್ಟೆ. ಬ್ಲಾಕಿನಲ್ಲಿ ನೀರು ತುಂಬಿ, ತೂತುಗಳನ್ನೆಲ್ಲ ಮುಚ್ಚಿ, ಗಾಳಿಯ ಒತ್ತಡ ಕೊಟ್ಟು, ಗೆರೆಯಿಂದ ನೀರು ಜಿನುಗುತ್ತದೋ ಎಂದು ನೋಡಬೇಕು. ಅದಕ್ಕೆ ಬ್ಲಾಕನ್ನು ಟ್ರ್ಯಾಕ್ಸ್ ಗಾಡಿಗೆ ಹೇರಿ ವಿಜಯಪುರಕ್ಕೆ ಒಯ್ಯಬೇಕು. ಅವನು ಅದನ್ನು ಹೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಎಂಜಿನ್ನಿಗೆ ಅವನು ಹೆದರಿದ್ದ. ಸಿಂದಗಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಗ್ಯಾರೇಜು ಇಟ್ಟು ಆರು ವರ್ಷವಾಗಿತ್ತು. ಟ್ರ್ಯಾಕ್ಟರು, ಟಂಟಂ, ಬೊಲೆರೊ ಯಾವುದೇ ಆದರೂ ಕಣ್ಣು ಮುಚ್ಚಿ ಬಿಚ್ಚಬಲ್ಲ. ಆದರೆ ಈ ಇಂಗ್ಲಿಷ್ ಎಂಜಿನ್ನಿನ ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು, ಅವನ ಪಾನಾಗಳೆಲ್ಲ ಮಿಲಿಮೀಟರಿನವು. ಒಂದು ಬೋಲ್ಟು ಬಿಚ್ಚುವಾಗ ಮೂರು ಸಲ ಪಾನಾ ಜಾರಿ ಗಿಣ್ಣು ಒಡೆದುಕೊಂಡಿದ್ದ. ಎಂಜಿನ್ ಸತ್ತಿದೆ ಎಂದು ಗೊತ್ತಾದಾಗ ಅವನಿಗೆ ಆದದ್ದು ದುಃಖವಲ್ಲ, ಬಿಡುಗಡೆ.

"ಬ್ಯಾರೆ ಎಂಜಿನ್ ಕೂಡ್ಸಿಬಿಡೂನ್ರಿ," ಎಂದ.

ಅವತ್ತು ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಗೌಡರು ಈ ಕತೆಯನ್ನು ನಾಲ್ಕು ಜನರ ಮುಂದೆ ಹೇಳಿದರು. ವಿಭೂತಿ, ಗೆರೆ, ಮಗಳು, ಢಾಬಾ ಎಲ್ಲ ಬಂತು. ತಾಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಯಲ್ಲಾಲಿಂಗ, ಮಾಸ್ತರರಂತೆ ಬೆರಳೆತ್ತಿ, ಒಳಗಿದ್ದ ದಾನೇಶ್ವರಿಗೆ ಕೇಳುವ ಹಾಗೆ ಹೇಳಿದರು:

"ಬೋರ್ಡಿನ ಮ್ಯಾಲೆ ಬರಿಯೂದು ಬ್ಯಾರೆ, ಗೇರ್ ಹಾಕೂದು ಬ್ಯಾರೆ ನಮ್ಮವ್ವಾ. ಸ್ಕೂಟಿ ಐತೆಲ್ಲ, ಅದರ ಮ್ಯಾಲೆ ಆರಾಮ ಅಡ್ಡಾಡು."

ಎಲ್ಲರೂ ನಕ್ಕರು. ಚಹಾ ಕುಡಿಯುತ್ತಿದ್ದ ಅನೀಲನೂ ನಕ್ಕ.

ಮೇ ತಿಂಗಳಲ್ಲಿ ಗೌಡರು, ದಾನೇಶ್ವರಿ, ಅನೀಲ ಮೂವರೂ ಇಂಡಿಗೆ ಹೋದರು. ಅಲ್ಲಿ ಇಬ್ರಾಹಿಂಸಾಬರ ಹಳೇ ಗಾಡಿಗಳ ವಖಾರಿ ಇದೆ. ಅಪಘಾತವಾದ ಗಾಡಿ, ಬ್ಯಾಂಕಿನವರು ಎಳೆದು ತಂದ ಗಾಡಿ, ಮಾಲಕ ಸತ್ತ ಗಾಡಿ, ಎಲ್ಲವೂ ಅಲ್ಲಿ ಕಳಚಿ ಬಿದ್ದಿರುತ್ತವೆ. ಸಾಬರು ಎರಡು ಎಂಜಿನ್ ತೆಗೆದಿಟ್ಟಿದ್ದರು. ಒಂದು ಸಾಮಾನು ಸಾಗಿಸುವ ವ್ಯಾನಿನ ಡೀಸೆಲ್ ಎಂಜಿನ್, ಇನ್ನೊಂದು ಹಳೇ ಜಿಪ್ಸಿಯ ಪೆಟ್ರೋಲ್ ಎಂಜಿನ್.

"ಡೀಸೆಲ್ ಕೂಡ್ಸು," ಎಂದರು ಗೌಡರು. "ಟ್ರ್ಯಾಕ್ಟರಿಗಂತ ಮನ್ಯಾಗ ಬ್ಯಾರಲ್ ತುಂಬಿರ್ತೈತಿ. ಆವರೇಜೂ ಛಲೋ ಬರ್ತೈತಿ."

ಇಬ್ರಾಹಿಂಸಾಬರು ಡೀಸೆಲ್ ಎಂಜಿನ್ನಿನ ಮೇಲೆ ಕೈಯಿಟ್ಟರು. "ಗೌಡ್ರ, ಇದರ ವಜ್ಜಿ ನೋಡೀರೇನು? ನಿಮ್ಮ ಗಾಡಿ ಮೂತಿ ನೆಲಾ ಮೂಸತೈತಿ. ಕಾರ್ ಬೇಕ್ರ್ಯೋ, ಶೇಂಗಾ ಒಡಿಯೂ ಮಷೀನ್ ಬೇಕ್ರ್ಯೋ?"

"ಮಾರಾಂವ ನೀನ, ಬ್ಯಾಡ ಅನ್ನಾಂವನೂ ನೀನ."

"ನಾಳೆ ಬಂದು ನನ್ನ ಬೈತೀರಲ್ರಿ, ಅದಕ್ಕ."

ಜಿಪ್ಸಿ ಎಂಜಿನ್ ಅನೀಲನ ಆಯ್ಕೆ. ಹಗುರ, ಕಾರ್ಬೊರೇಟರ್ ಇರುವಂಥದ್ದು, ಕಂಪ್ಯೂಟರಿನ ಕಾಟವಿಲ್ಲ, ಬೋಲ್ಟೆಲ್ಲ ಮಿಲಿಮೀಟರ್. ಒಂದೊಂದಾಗಿ ಇದನ್ನು ವಿವರಿಸಿದ, ಕೊನೆಯದನ್ನು ಬಿಟ್ಟು.

 "ಪೆಟ್ರೋಲ್ ಇರ್ಲಿ," ಎಂದಳು ದಾನೇಶ್ವರಿ. "ಆದರ ಅನೀಲ, ಈಗಿನ ಪೆಟ್ರೋಲಿನ್ಯಾಗ ಐದರಾಗ ಒಂದ ಪಾಲ ಕಬ್ಬಿನ ಎಥನಾಲ್ ಇರ್ತೈತಿ. ಹಳೇ ರಬ್ಬರ್ ತಿಂತೈತಿ ಅದು. ಗಾಳ್ಯಾಗಿನ ನೀರ ಹೀರಿಕೊಂಡು ಟಾಕಿಗಿ ಜಂಗ್ ಹಿಡಸ್ತೈತಿ."

"ಹೌದ್ರಿ ಅಕ್ಕಾರ," ಎಂದರು ಸಾಬರು. "ಮೊದಲ ಇಂಡಿ ಕಬ್ಬ ತಿಂದು ಹುಡುಗೂರ ಓಡತಿದ್ರು, ಈಗ ಗಾಡಿ ಓಡತಾವ."

"ಟಾಕಿಯಿಂದ ಕಾರ್ಬೊರೇಟರ್‌ತನಾ ಒಂದ ಹಳೇ ಪೈಪೂ ಬಿಡಂಗಿಲ್ರಿ ಅಕ್ಕಾರ," ಎಂದ ಅನೀಲ. "ಎಲ್ಲಾ ಹೊಸಾವ ಹಾಕ್ತೇನಿ."

ಹಾಗೆ ಮಾಡಿದ ಕೂಡ. ಪೆಟ್ರೋಲ್ ಹರಿಯುವ ಒಂದೊಂದು ಗೇಣನ್ನೂ ಬದಲಿಸಿದ. ನೀರು ಹರಿಯುವ ಪೈಪಿನ ಬಗ್ಗೆ ಅವಳು ಕೇಳಲಿಲ್ಲ, ಅವನು ಯೋಚಿಸಲಿಲ್ಲ.

ಜಿಪ್ಸಿ ಎಂಜಿನ್ ಎಂದು ಗೊತ್ತುಪಡಿಸಿದ ಮೇಲೆ ದಾನೇಶ್ವರಿ ದುಡ್ಡು ಕಳಿಸಲು ಫೋನು ತೆಗೆದಳು. ಗೌಡರು ಸಾಬರಿಗೆ, "ಕೆಡಿಸಿದಾಕಿನ ಕೊಡ್ತಾಳ, ಇಸ್ಕೋ," ಎಂದು ಜೀಪಿನ ಕಡೆ ನಡೆದರು. ಜೊತೆಗೆ ಹೇರಿ ತಂದಿದ್ದ ಹಳೇ ಎಂಜಿನ್ನನ್ನು ಅಲ್ಲೇ ಇಳಿಸಿದರು. ಒಡೆದು ಎರಕದ ಕಾರ್ಖಾನೆಗೆ ಕಳಿಸುತ್ತೇನೆ ಎಂದರು ಸಾಬರು. ಅದನ್ನು ಇಳಿಸುವಾಗ ದಾನೇಶ್ವರಿ ಒಂದು ಕೈ ಹಚ್ಚಿದಳು. ಯಾರೂ ಹಚ್ಚು ಎಂದಿರಲಿಲ್ಲ. ಬಿಳೀ ಚೂಡಿದಾರಕ್ಕೆ ಆಯಿಲ್ ಹತ್ತಿತು.

ಹಳೇ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ತೂತುಗಳು ಹೊಂದುವುದಿಲ್ಲ. ನಡುವೆ ಒಂದು ದಪ್ಪ ಪ್ಲೇಟು ಕೂರಿಸಬೇಕು. ಅಂಥದ್ದನ್ನು ಕೈತಪ್ಪಿಲ್ಲದೆ ಮಾಡುವ ಮನುಷ್ಯ ಸುತ್ತ ನಾಲ್ಕು ತಾಲೂಕಿನಲ್ಲಿ ಒಬ್ಬನೇ, ಮುದ್ದೇಬಿಹಾಳದ ಲೇಥಿನ ಮಾಳಿಂಗಪ್ಪ. ಎಪ್ಪತ್ತೈದು ದಾಟಿದೆ, ಒಂದು ಕಿವಿ ಕೇಳುವುದಿಲ್ಲ. ಒಂದು ಗುರುವಾರ ಅನೀಲ ಅಳತೆ ತಗೊಂಡು ಹೋದ. ಮುದುಕ ಕಾಗದವನ್ನು ನೋಡಿ ಕೇಳಿದ:

"ಈ ಗೇರ್‌ಬಾಕ್ಸ್ ಎಲ್ಲೀದೋ? ಗೊಳಸಂಗಿ ಗೌಡರ ಕೆಂಪ ಗಾಡೀದೇನು?"

"ಹೌದ್ರಿ ಕಾಕಾ. ಎಂಜಿನ್ ಹೋತು. ಬ್ಲಾಕ್ ಬಿರೀತು."

"ಎಲ್ಲಿ ಬಿರೀತು?"

ಅನೀಲ ತನ್ನ ಪಕ್ಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಎಡಕ್ಕೆ, ಒಂದು ಗೇಣು.

 ಮಾಳಿಂಗಪ್ಪ ಕೈಯಲ್ಲಿದ್ದ ಅರಿವೆ ಕೆಳಗಿಟ್ಟ.

"ಅದು ನಾ ಹೊಲದದ್ದೋ. ಎಂಬತ್ತೊಂಬತ್ತನೇ ಇಸವಿ. ಈಗಿನ ಗೌಡರ ಅಣ್ಣ ಕಾದ ಎಂಜಿನ್ನಿಗಿ ತಣ್ಣೀರ ಸುರದು ಸೀಳಿಸಿದ್ದ. ಬೆಸಿಗಿ ಹಾಕಿದ್ರ ಮತ್ತ ಬಿರೀತೈತಂತ ಉದ್ದಕ್ಕೂ ಸಣ್ಣ ಸಣ್ಣ ಸ್ಕ್ರೂ ಕೂಡ್ಸಿ, ಕಬ್ಬಿಣಕ್ಕ ಕಬ್ಬಿಣ ಹೆಣದು, ಮ್ಯಾಲೆ ಕಾನಸ ಹೊಡದು ಸಪಾಟ ಮಾಡಿದ್ನಿ. ಮ್ಯಾಲೆ ಗೆರಿ ಕಾಣ್ತೈತಿ. ಒಳಗಿಂದ ಹನಿ ನೀರ ಬರಂಗಿಲ್ಲ."

"ಗೌಡ್ರು ಹೇಳಲಿಲ್ಲಲ್ರಿ ಕಾಕಾ."

"ಅವರಿಗಿ ಎಲ್ಲಿ ಗೊತ್ತು? ಅಣ್ಣ ಮನ್ಯಾಗ ಹೇಳಬ್ಯಾಡ ಅಂದಿದ್ದ. ನಾ ಹೇಳಲಿಲ್ಲ." ಮುದುಕ ಕಾಗದವನ್ನು ಮಡಚಿ ಜೇಬಿಗಿಟ್ಟ. "ನೀರ ತುಂಬಿ ಗಾಳಿ ಕೊಟ್ಟು ನೋಡಿದಿ?"

"ಇಲ್ರಿ."

"ಹಂಗಾರ ನೀ ನೋಡೇ ಇಲ್ಲ."

ಅನೀಲ ಹೊರಗೆ ಬಂದು ಬೈಕಿನ ಹತ್ತಿರ ನಿಂತು ಫೋನು ತೆಗೆದ. ಇಬ್ರಾಹಿಂಸಾಬರ ನಂಬರು ಮೇಲೆಯೇ ಇತ್ತು. ಒತ್ತಿದರೆ ಎಂಜಿನ್ ವಾಪಸು ಬರುತ್ತದೆ. ಎಂಜಿನ್ ವಾಪಸು ಬಂದರೆ ಯಾಕೆ ಬಂತು ಎಂದು ಹೇಳಬೇಕು. ಗೌಡರ ಎರಡು ಟ್ರ್ಯಾಕ್ಟರು, ಒಂದು ಜೀಪು, ಅವರ ಮಾತಿನ ಮೇಲೆ ಬರುವ ಗೊಳಸಂಗಿಯ ಇನ್ನೂ ಹತ್ತು ಗಾಡಿ ಅವನ ಗ್ಯಾರೇಜಿನವು. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಎರಡು ದಿನ ಲೆಕ್ಕ ಹಾಕಿದ. ಬ್ಲಾಕ್ ಗಟ್ಟಿ ಇದ್ದಿರಬಹುದು, ಆದರೆ ಕುದಿಸಿದ್ದಂತೂ ಆಕೆಯೇ. ಬ್ಲಾಕಿನ ಮೇಲಿನ ಗ್ಯಾಸ್ಕೆಟ್ ಸುಟ್ಟದ್ದಂತೂ ನಿಜ. ಕಾಟಾ ಏರುವುದನ್ನು ನೋಡಿಯೂ ಹೊಡೆದೆ ಎಂದು ಆಕೆಯೇ ಹೇಳಿದ್ದಾಳೆ. ತಾನು ಮಾಡಿದ್ದು ಬರೇ ಒಂದು ಗೆರೆಯನ್ನು ತಪ್ಪು ಓದಿದ್ದು. ಹೀಗೆ ತಪ್ಪನ್ನು ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಅವಳಿಗೇ ಬಿಟ್ಟ. ಆದರೂ ಶನಿವಾರ ಸಂಜೆ ಬೆರಳು ತಾನಾಗಿಯೇ ನಂಬರು ಒತ್ತಿತು.

"ಚಾಚಾ, ಆ ಗೊಳಸಂಗಿ ಎಂಜಿನ್ ಐತೇನ್ರಿ?"

"ನಿನ್ನೆ ಒಡದು ಲಾರಿ ತುಂಬಿದ್ನೆಲ್ಲೋ. ಯಾಕ?"

"ಸುಮ್ನ ಕೇಳಿದ್ನಿ."

ಗುರುವಾರ ಒತ್ತಿದ್ದರೆ ಇರುತ್ತಿತ್ತು.

ಜೂನ್ ಮೊದಲ ವಾರ, ಬುಧವಾರ, ಎಂಜಿನ್ ಕೂತಿತು. ಮಾಳಿಂಗಪ್ಪನ ಪ್ಲೇಟು ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ದಾನೇಶ್ವರಿ ಬಾಗೇವಾಡಿಯಿಂದ ಬರುವಾಗ ಸ್ಕೂಟಿಯ ಮುಂದೆ ಐದು ಲೀಟರಿನ ಕ್ಯಾನು ಇಟ್ಟುಕೊಂಡು ಬಂದಳು. ಕ್ಯಾನಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದ್ದಳು.

"ಹೊಸಾ ಸ್ಟಾಕ್ ಯಾವಾಗ ಬರ್ತೈತಂತ ಪಂಪಿನವರಿಗಿ ಕೇಳಿ, ಇಳದ ಮ್ಯಾಲೆ ತಂದೇನಿ," ಎಂದಳು. "ನೀರ ಇರಬಾರದಲ್ಲ."

ಟಾಕಿಯ ಬಾಯಿಗೆ ತೆಳು ಅರಿವೆ ಹಾಸಿ, ಎಳೆಗೂಸಿಗೆ ಹಾಲು ಹಾಕುವಷ್ಟು ಮೆಲ್ಲಗೆ ಸುರಿದಳು. ಒಂದು ಹನಿ ಹೊರಗೆ ಬೀಳಲಿಲ್ಲ. ಖುರ್ಚಿ ಹಾಕಿಕೊಂಡು ಕೂತಿದ್ದ ಗೌಡರು ನೋಡುತ್ತಿದ್ದರು.

"ಈಗ ಇಷ್ಟ ಕಾಳಜಿ. ಅವತ್ತ ಎಲ್ಲಿ ಹೋಗಿತ್ತೋ."

ಅವಳು ಟಾಕಿಯ ಬಾಯಿಂದ ಅರಿವೆ ತೆಗೆದಳು. ಅನೀಲನಿಗೆ ಮಾತ್ರ ಕೇಳುವಂತೆ ಹೇಳಿದಳು: "ನೀ ಇದ್ದೀ ಅಂತ ಆತು ನೋಡು. ಇಲ್ಲಂದ್ರ ನನ್ನ ಕೈಯಿಂದ ಸತ್ತದ್ದು ಇಲ್ಲೇ ಶೆಡ್ಡಿನ್ಯಾಗ ಬಿದ್ದಿರತಿತ್ತು."

ಅನೀಲ ಬಗ್ಗಿ, ಬಿಗಿಯಾಗಿಯೇ ಇದ್ದ ಒಂದು ನಟ್ಟನ್ನು ಮತ್ತೆ ಬಿಗಿದ.

ಕೀಲಿ ತಿರುವಿದ್ದು ಗೌಡರು. ಮೂರನೇ ಸಲಕ್ಕೆ ಎಂಜಿನ್ ಹಿಡಿಯಿತು. ಮೊದಲಿನ ಗುಡುಗಿನಂಥ ದನಿಯಲ್ಲ, ತೆಳ್ಳಗಿನ ಸಮನಾದ ದನಿ. ಗೌಡರ ಮುಖದಲ್ಲಿ ಅಷ್ಟೇನೂ ಖುಷಿ ಕಾಣಲಿಲ್ಲ, ಆದರೆ ತಲೆಯಾಡಿಸಿದರು. ಎಂಜಿನ್ ಹದಕ್ಕೆ ಬರಲಿ ಎಂದು ಅನೀಲ ಹತ್ತು ನಿಮಿಷ ಬಿಟ್ಟ. ಆಮೇಲೆ ಬಾನೆಟ್ ತೆರೆದಿಟ್ಟೇ, ಬದಿಗೆ ನಿಂತು, ಕೈಯಿಂದ ಎಕ್ಸಲರೇಟರಿನ ತಂತಿ ಎಳೆದು ಎಂಜಿನ್ನನ್ನು ಓಡುವ ಗಾಡಿಯ ವೇಗಕ್ಕೆ ತಂದು ಹಿಡಿದ.

ಆಗ ಕಂಡಿತು.

ರೇಡಿಯೇಟರಿನ ಕೆಳಗಿನ ಪೈಪು, ತಣ್ಣಗಾದ ನೀರನ್ನು ಎಂಜಿನ್ನು ಎಳೆದುಕೊಳ್ಳುವ ಪೈಪು, ಅವನ ಕಣ್ಣೆದುರೇ ಒಳಕ್ಕೆ ಕುಸಿಯಿತು. ಕುಸಿದು, ಮೇಲಿನ ತುಟಿ ಕೆಳಗಿನ ತುಟಿಗೆ ಅಂಟಿ, ಚಪ್ಪಟೆಯಾಯಿತು. ಕಾಟಾ ಮೇಲೇರತೊಡಗಿತು. ಅವನು ತಂತಿ ಬಿಟ್ಟ. ಎಂಜಿನ್ ನಿಧಾನವಾಯಿತು, ಪೈಪು ಮತ್ತೆ ಉಬ್ಬಿ ದುಂಡಗಾಯಿತು. ಏನೂ ಆಗಿಲ್ಲವೆಂಬಂತೆ.

ಆ ಪೈಪು ಅವನೇ ಕತ್ತರಿಸಿ ಹಾಕಿದ್ದು. ಗ್ಯಾರೇಜಿನಲ್ಲಿ ಪಂಪ್‌ಸೆಟ್ ಪೈಪಿನ ಒಂದು ಸುರುಳಿ ಬಿದ್ದಿತ್ತು, ಅಳತೆ ಸರಿ ಕೂತಿತ್ತು. ಸಂಕ್ರಾಂತಿ ಹೊತ್ತಿಗೆ ಕಾರಿನ ಸರ್ವೀಸ್ ಮಾಡಿದಾಗ ಹಳೇ ಎಂಜಿನ್ನಿಗೂ ಇದೇ ಸುರುಳಿಯ ತುಂಡನ್ನು ಹಾಕಿದ್ದ. ಇಂಗ್ಲಿಷ್ ಪೈಪು ಬಿರುಕು ಬಿಟ್ಟಿತ್ತು, ಅಂಥದ್ದು ಇಲ್ಲಿ ಸಿಗುತ್ತಿರಲಿಲ್ಲ. ಗೌಡರು ಊರೊಳಗೆ ಮೂವತ್ತರ ವೇಗದಲ್ಲಿ ಓಡಿಸುತ್ತಿದ್ದರು, ಪೈಪು ತಡೆದಿತ್ತು. ಎಂಬತ್ತರಲ್ಲಿ ಹೈವೇಗೆ ಒಯ್ದವಳು ದಾನೇಶ್ವರಿ ಒಬ್ಬಳೇ. ಅವಳು ಗಾಡಿ ನಿಲ್ಲಿಸಿದ ಕೂಡಲೇ ಪೈಪು ದುಂಡಗಾಗಿರಬೇಕು. ನೋಡಿದವರಿಗೆ ಏನು ತಿಳಿಯಬೇಕು?

ಕನ್ನೊಳ್ಳಿಯ ಹೊಲದಲ್ಲಿ ಬೆಳೆದ ಅವನಿಗೆ ಮಾತ್ರ ತಿಳಿಯಬೇಕಿತ್ತು. ಭಾವಿಯಿಂದ ನೀರು ಎಳೆಯುವ ಪೈಪಿಗೆ ಒಳಗೆ ತಂತಿಯ ಸುರುಳಿ ಇರಬೇಕು, ಇಲ್ಲದಿದ್ದರೆ ಕುಸಿಯುತ್ತದೆ. ಹೊಲಕ್ಕೆ ನೀರು ತಳ್ಳುವ ಪೈಪಿಗೆ ತಂತಿ ಬೇಡ. ಎಂಟು ವರ್ಷದ ಹುಡುಗನಾಗಿದ್ದಾಗಲೇ ಇದು ಅವನಿಗೆ ಗೊತ್ತಿತ್ತು. ಎಳೆಯುವ ಕಡೆ ತಳ್ಳುವ ಪೈಪು ಹಾಕಿದ್ದ, ಒಮ್ಮೆಯಲ್ಲ, ಎರಡು ಸಲ.

ದೊಡ್ಡ ಪಾಲೂ ಈಗ ಅವನದೇ ಆಯಿತು.

"ಏನಾತು?" ಎಂದಳು ದಾನೇಶ್ವರಿ.

"ಕ್ಲಿಪ್ ಸಡಲ ಆಗೈತ್ರಿ," ಎಂದ. "ನಾಳೆ ಬಂದು ಬ್ಯಾರೆ ಹಾಕ್ತೇನಿ."

ಮರುದಿನ ವಿಜಯಪುರದಿಂದ ತಂತಿ ಇರುವ ಸರಿಯಾದ ಪೈಪು ತಂದು ಹಾಕಿದ. ಶುಕ್ರವಾರ ಗೌಡರು ಕಬ್ಬಿನ ಹೊಲದ ಮೋಟಾರ್ ಮನೆಯ ಹತ್ತಿರ ಒಬ್ಬರೇ ಇದ್ದಾಗ ಹೋಗಿ, ಹಳೇ ಪೈಪನ್ನು ಅವರ ಕೈಗೆ ಕೊಟ್ಟು ಎಲ್ಲ ಹೇಳಿದ. ಪೈಪು, ಮಾಳಿಂಗಪ್ಪ, ಅಣ್ಣ, ಗುರುವಾರ, ಶನಿವಾರ.  ಗೌಡರು ರೈತರು, ವಿವರಿಸುವ ಅಗತ್ಯ ಬೀಳಲಿಲ್ಲ. ಪೈಪನ್ನು ಹೆಬ್ಬೆರಳಿನಿಂದ ಅಮುಕಿ ನೋಡಿದರು.

"ಎಳಿಯೂ ಕಡೆ ತಳ್ಳೂ ಪೈಪ್ ಹಾಕಿದ್ಯಾ? ಲೇ, ದನಾ ಕಾಯೂ ಹುಡುಗನೂ ಹಂಗ ಮಾಡಂಗಿಲ್ಲ."

"ಹೌದ್ರಿ. ವಿಭೂತಿ ಸುಳ್ಳ ಹೇಳಿರಲಿಲ್ರಿ. ನಾ ಓದಿದ್ದ ತಪ್ಪ."

 ಗೌಡರು ಕಾಲುವೆಯಲ್ಲಿ ನೀರು ಹೋಗುವುದನ್ನು ನೋಡುತ್ತಿದ್ದರು. ಅನೀಲ ಬೈಗುಳಕ್ಕೆ, ಏಟಿಗೂ ತಯಾರಾಗಿದ್ದ.

"ಆತು," ಎಂದರು ಕೊನೆಗೆ. "ಹೇಳಿದೆಲ್ಲ. ಇಲ್ಲಿಗೇ ಬಿಡು. ಆಕೀಗಿ ಹೇಳಬ್ಯಾಡ."

"ಯಾಕ್ರಿ ಗೌಡ್ರ?"

"ಅವತ್ತಿನಿಂದ ಗಾಡಿ ಮುಟ್ಟಿಲ್ಲ ಆಕಿ. ಎಂಬತ್ತರ ಮ್ಯಾಲೆ ಹೈವೇಕ ಹೋಗಾಕಿ ಈಗ ಕೀಲಿ ಸೈತ ಕೇಳಂಗಿಲ್ಲ. ಒಂದೊಂದ ಹೆದರಿಕಿ ಮನಶ್ಯಾಗ ಛಲೋದು." ಪೈಪನ್ನು ಅವನ ಕೈಗೆ ವಾಪಸು ಕೊಟ್ಟರು. "ಮತ್ತ ನಾ ಕಟ್ಟಿ ಮ್ಯಾಲೆ ಅಷ್ಟ ಮಂದಿ ಮುಂದ ಮಾತಾಡೇನಿ. ಈಗೇನು ಹೋಗಿ ಎಲ್ಲಾರಿಗೂ ಕೈ ಮುಗೀಲೇನು? ಸೋಮವಾರ ದೊಡ್ಡ ಟ್ರ್ಯಾಕ್ಟರ್ ಕಳಸ್ತೇನಿ. ಕ್ಲಚ್ ನೋಡು."

ಅನೀಲ ಬೈಕು ಹತ್ತಿ ಸಿಂದಗಿಗೆ ಬಂದ. ಹಗುರಾಗಬೇಕಿತ್ತು, ಆಗಲಿಲ್ಲ. ಗೌಡರು ಅವನನ್ನು ಕ್ಷಮಿಸಿರಲಿಲ್ಲ, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಇನ್ನು ಮೇಲೆ ಅವರಿಬ್ಬರೂ ಸೇರಿ ಆ ಹೆಂಗಸಿನ ತಲೆ ಬಗ್ಗಿಸಿ ಹಿಡಿದಿರಬೇಕು, ಅಷ್ಟೆ. ಎರಡು ದಿನ ಹಾಗೆಯೇ ಕಳೆದ. ರವಿವಾರ ಊಟಕ್ಕೆ ಕೂತಾಗ ರೊಟ್ಟಿ ಇಳಿಯಲಿಲ್ಲ ಎಂದೇನೂ ಇಲ್ಲ. ಇಳಿಯಿತು, ಮೂರು ರೊಟ್ಟಿ ತಿಂದ. ಅದೇ ಅವನಿಗೆ ಅಸಹ್ಯವೆನಿಸಿತು.

ಸೋಮವಾರ ದೊಡ್ಡ ಟ್ರ್ಯಾಕ್ಟರ್ ಗ್ಯಾರೇಜಿಗೆ ಬಂದು ನಿಂತಿತು. ಅವನು ಅದನ್ನು ಮುಟ್ಟದೆ ಬಸವನ ಬಾಗೇವಾಡಿಗೆ ಹೋದ. ಕಾಲೇಜಿನ ಹಿಂದೆ ಸ್ಕೂಟಿ ನಿಲ್ಲಿಸುವ ತಗಡಿನ ನೆರಳಿನಲ್ಲಿ ದಾನೇಶ್ವರಿ ಸಿಕ್ಕಳು. ಕೈಗೆ ಚಾಕ್‌ಪೀಸಿನ ಬಿಳಿ ಹತ್ತಿತ್ತು. ಅವನು ನಿಂತಲ್ಲೇ ಹೇಳಿದ. ಎರಡನೇ ಸಲ ಹೇಳುವುದು ಸುಲಭವಿರುತ್ತದೆ ಎಂದುಕೊಂಡಿದ್ದ. ಇರಲಿಲ್ಲ.  ಮುಗಿದ ಮೇಲೆ ಅವಳು ಕೇಳಿದಳು:

"ಹಂಗಾರ ನಾ ಢಾಬಾತನಾ ಹೊಡದದ್ದು?"

"ನೀವ ಅಲ್ಲೇ ನಿಂದ್ರಿಸಿದ್ರೂ ಗ್ಯಾಸ್ಕೆಟ್ ಹೋಗತಿತ್ರಿ. ಬ್ಲಾಕ್ ಹೆಂಗೂ ಏನೂ ಆಗಿರಲಿಲ್ಲ. ಎಂಟ ದಿನದ ಕೆಲಸ ಇತ್ತು, ಅಷ್ಟ."

"ಪೈಪ್ ಎಂದ ಗೊತ್ತಾತು?"

"ಬುಧವಾರ."

"ನಾ ಪೆಟ್ರೋಲ್ ಹಾಕಿದ ದಿನ."

"ಹೌದ್ರಿ."

"ಇವತ್ತ ಸೋಮವಾರ." ಅವಳು ಅಂಗೈ ತಿಕ್ಕಿ ಚಾಕ್‌ಪೀಸಿನ ಪುಡಿ ಉದುರಿಸಿದಳು. "ಅಪ್ಪಗ ಗೊತ್ತೈತೇನು?"

ಇದನ್ನು ಕೇಳುತ್ತಾಳೆ ಎಂದು ಅವನು ಯೋಚಿಸಿಯೇ ಇರಲಿಲ್ಲ. ಸುಳ್ಳು ಹೇಳಲು ಒಂದು ಗಳಿಗೆ ಇತ್ತು. ಆ ಗಳಿಗೆಯನ್ನೇ ಅವಳು ನೋಡಿದಳು.

"ಶುಕ್ರವಾರ ಹೇಳಿದ್ನಿ," ಎಂದ.

"ಮೊದಲ ಅವರಿಗಿ ಹೇಳಿದಿ."

"ಗಾಡಿ ಅವರದಲ್ರಿ ಅಕ್ಕಾರ."

"ಗಾಡಿ ಅವರದು. ಬೈಸಿಕೊಂಡಾಕಿ ನಾನು." ದನಿ ಏರಲಿಲ್ಲ. "ಶುಕ್ರವಾರ, ಶನಿವಾರ, ರವಿವಾರ. ಮೂರ ದಿನಾನೂ ಎದರಾ ಬದರಾ ಕೂತು ಊಟಾ ಮಾಡೇವಿ. ನಿನ್ನೆ ಅಂದಾರ ನನಗ, ಸ್ಕೂಟಿ ಅರ ಸಾವಕಾಶ ಹೊಡಿಯವಾ ಅಂತ."

 ಅನೀಲ ಕ್ಷಮಿಸಿರಿ ಎನ್ನಲು ಬಾಯಿ ತೆರೆದ.

"ಬ್ಯಾಡ," ಎಂದಳು. "ನನ್ನ ಮುಂದ ಹೇಳೂದ ಸಸಾರ. ಅವತ್ತ ಚಹಾ ಕುಡಕೋತ ಎಲ್ಲಿ ಕೂತಿದ್ದಿ?"

ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು. ಅವನು ನಕ್ಕದ್ದನ್ನು ಕೂಡ.

"ಕಟ್ಟಿ ಮ್ಯಾಲ್ರಿ."

"ಅಲ್ಲೇ ಹೇಳು. ರವಿವಾರ ಸಂಜೀಗಿ ಎಲ್ಲಾರೂ ಇರ್ತಾರ."

ಬೆಲ್ಲು ಹೊಡೆಯಿತು. ಅವಳು ಕ್ಲಾಸಿಗೆ ಹೋದಳು.

ರವಿವಾರದವರೆಗೆ ಆರು ದಿನ. ಅಷ್ಟರಲ್ಲಿ ಅವನು ದೊಡ್ಡ ಟ್ರ್ಯಾಕ್ಟರಿನ ಕ್ಲಚ್ ಮಾಡಿದ, ಬಹಳ ಚೆನ್ನಾಗಿ ಮಾಡಿದ, ತಾನೇ ಓಡಿಸಿಕೊಂಡು ಗೊಳಸಂಗಿಗೆ ಹೋದ. ಕಟ್ಟೆಯ ಮೇಲೆ ಗೌಡರು, ಯಲ್ಲಾಲಿಂಗ, ಇನ್ನಿಬ್ಬರು ಕೂತಿದ್ದರು. ದಾನೇಶ್ವರಿ ಹೊಸ್ತಿಲ ಮೇಲೆ ನಿಂತಿದ್ದಳು. ಅವನು ಟ್ರ್ಯಾಕ್ಟರ್ ಬಂದ್ ಮಾಡಿ ಇಳಿದ.

"ಗೌಡ್ರ, ಎಲ್ಲಾರ ಮುಂದ ಒಂದ ಮಾತ ಹೇಳಬೇಕಾಗೈತ್ರಿ. ಆ ಎಂಜಿನ್ ಅಕ್ಕಾರ ಕೆಡಿಸಿದ್ದಲ್ಲ. ನಾ ಕೆಡಿಸಿದ್ದು."

ಗೌಡರು ಪೇಪರು ಎತ್ತಿ ಮುಖದ ಮುಂದೆ ಹಿಡಿದರು. ಅನೀಲ ಪೇಪರಿಗೇ ಹೇಳಿದ. ಎಳೆಯುವ ಪೈಪು, ತಳ್ಳುವ ಪೈಪು ಎಂದಾಗ ಕೂತವರಲ್ಲಿ ಒಬ್ಬರು ತಡೆಯಲಾರದೆ ನಕ್ಕರು. ಬ್ಲಾಕ್ ಬಿರಿದೇ ಇರಲಿಲ್ಲ ಎಂದಾಗ ಯಾರೂ ನಗಲಿ‌ಲ್ಲ. ಗೌಡರಿಗೆ ಮೊದಲೇ ಗೊತ್ತಿತ್ತೆಂಬುದನ್ನು ಅವನು ಹೇಳಲಿಲ್ಲ. ಅದು ತಂದೆ ಮಗಳ ನಡುವಿನ ಮಾತು ಎಂದುಕೊಂಡ. ಧೈರ್ಯ ಸಾಲಲಿಲ್ಲ ಎಂಬುದೂ ಅಷ್ಟೇ ನಿಜ.

"ಅಂದ್ರ ನಮ್ಮ ಹುಡುಗಿ ತಪ್ಪಿಲ್ಲನ್ನು," ಎಂದರು ಯಲ್ಲಾಲಿಂಗ, ಗಂಟಲು ಸರಿಮಾಡಿಕೊಂಡು. "ನಾ ಅವತ್ತ ಅಂದೆ, ಏನರ ಬ್ಯಾರೆ ಇದ್ದೀತು ಅಂತ."

"ನೀವ ಹಂಗ ಅಂದಿಲ್ರಿ ಕಾಕಾ," ಎಂದಳು ದಾನೇಶ್ವರಿ ಹೊಸ್ತಿಲಿನಿಂದ. "ಸ್ಕೂಟಿ ಮ್ಯಾಲೆ ಅಡ್ಡಾಡು ಅಂದಿದ್ರಿ."

ಯಲ್ಲಾಲಿಂಗ ತಮ್ಮ ಚಪ್ಪಲಿ ಹುಡುಕತೊಡಗಿದರು.

ಗೌಡರು ಪೇಪರು ಮಡಚಿದರು. ಅನೀಲನನ್ನು ನೋಡಿದರೇ ಹೊರತು ಮಗಳನ್ನು ನೋಡಲಿಲ್ಲ. "ಟ್ರ್ಯಾಕ್ಟರ್ ಕೀಲಿ ಅಲ್ಲಿಡು," ಎಂದರು. "ಇನ್ನ ಮ್ಯಾಲೆ ಬಾಗೇವಾಡ್ಯಾಗ ಮಾಡಸ್ತೇವಿ. ಸಿಂದಗಿ ದೂರ ಆಗ್ತೈತಿ."

"ಹೌದ್ರಿ."

ಕೀಲಿ ಇಟ್ಟ. ಶೆಡ್ಡಿನಲ್ಲಿ ಅವನ ಪಾನಾಗಳ ಪೆಟ್ಟಿಗೆ ಉಳಿದಿತ್ತು, ತರಲು ಹೋದ. ದಾನೇಶ್ವರಿ ಹಿಂದೆ ಬಂದು ಬಾಗಿಲಲ್ಲಿ ನಿಂತಳು. ಏನಾದರೂ ಹೇಳಬಹುದು ಎಂದು ಅವನು ಬೇಕಂತಲೇ ನಿಧಾನ ಮಾಡಿದ.

"ಹಳೇ ಎಂಜಿನ್ ಎಲ್ಲರ ಸಿಕ್ಕೀತೇನು?" ಎಂದಳು.

"ಇಲ್ರಿ ಅಕ್ಕಾರ. ಕರಗಿಸಿರ್ತಾರ."

"ಆತು."

ಪೆಟ್ಟಿಗೆ ಎತ್ತಿಕೊಂಡು ಅವನು ಅವಳನ್ನು ದಾಟಿ ಹೊರಬಂದ. ಬರುವಾಗ ಟ್ರ್ಯಾಕ್ಟರಿನಲ್ಲಿ ಬಂದಿದ್ದ, ಈಗ ಹೈವೇತನಕ ನಡೆದು ಬಸ್ಸು ಹಿಡಿಯಬೇಕು. ಕಟ್ಟೆಯ ಮುಂದೆ ಹಾಯುವಾಗ ಚಹಾದ ಕಪ್ಪುಗಳು ಬಂದಿದ್ದವು. ಕೂತವರಿಗೆ ಆಗುವಷ್ಟು, ನಾಲ್ಕೇ ಇದ್ದವು. ಪೆಟ್ಟಿಗೆ ಭಾರವಿತ್ತು, ಊರ ಬಾಗಿಲು ದಾಟುವುದರೊಳಗೆ ಎರಡು ಸಲ ಕೈ ಬದಲಿಸಿದ.